ಉಪಗ್ರಹದ ಕಣ್ಣಿಗೂ ಬೇಕು ಅಳತೆಯ ಪರೀಕ್ಷೆ

ಸಂಘದ ಗೋದಾಮಿನಲ್ಲಿ ಅಡಿಕೆ, ಕಾಫಿ ತೂಗುವ ತಕ್ಕಡಿಗೆ ಕಾಲಕಾಲಕ್ಕೆ ಪರೀಕ್ಷೆಯಾಗಿ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಮಾಲು ತೂಗಿಸಲು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಆದರೆ ಉಪಗ್ರಹ ಚಿತ್ರದಿಂದ ತಯಾರಿಸಿದ ಭೂಪಟವನ್ನು ಯಾರಾದರೂ ಮುಂದಿಟ್ಟು, "ಗುಡ್ಡದ ಇಳಿಜಾರು ಇಷ್ಟು, ಹಳ್ಳ ಇಲ್ಲಿದೆ, ತೋಟದ ಅಂಚು ಇದು" ಎಂದರೆ ನಾವು ತಲೆಯಾಡಿಸಿಬಿಡುತ್ತೇವೆ. ಆ ಚಿತ್ರ ತೆಗೆದ ಕ್ಯಾಮರಾಕ್ಕೂ ತಕ್ಕಡಿಯಂತೆಯೇ ಪರೀಕ್ಷೆ ಉಂಟು. ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕೆರೆ, ರಸ್ತೆ, ಜಲಾನಯನದ ಯೋಜನೆಗಳಿಗೆಲ್ಲ ಇಂಥ ಭೂಪಟ ಬಳಕೆಯಾಗುತ್ತಿರುವುದರಿಂದ ಈ ವಿಷಯವನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಗೆರೆಗೆರೆಯಾಗಿ ನೋಡುವ ಕ್ಯಾಮರಾ

ಹಿಂದೆ ವಿಮಾನದಿಂದ ಚಿತ್ರ ತೆಗೆಯುವಾಗ ಅಗಲವಾದ ಫಿಲಂ ಮೇಲೆ ಇಡೀ ನೋಟ ಒಂದೇ ಕ್ಷಣದಲ್ಲಿ ಮೂಡುತ್ತಿತ್ತು. ಗೆರೆ ಕ್ಯಾಮರಾದ ರೀತಿ ಬೇರೆ. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಾವಿರಾರು ಸೂಕ್ಷ್ಮ ಬಿಂದುಗಳು ಅದರೊಳಗೆ ಒಂದೇ ಸಾಲಿನಲ್ಲಿರುತ್ತವೆ. ಒಂದು ಸಲಕ್ಕೆ ನೆಲದ ಒಂದೇ ಗೆರೆ ಕಾಣುತ್ತದೆ. ಉಪಗ್ರಹ ಮುಂದೆ ಸಾಗಿದಂತೆ ಗೆರೆಯ ಪಕ್ಕ ಗೆರೆ ಸೇರಿ ಚಿತ್ರವಾಗುತ್ತದೆ. ಅಂಗಳದಲ್ಲಿ ಅಗಲವಾದ ಕಸಬರಿಗೆಯನ್ನು ಎಳೆದುಕೊಂಡು ಹೋದಂತೆ ಎನ್ನಬಹುದು.

ನಮ್ಮ ದೇಶದ ಕಾರ್ಟೋಸ್ಯಾಟ್-1 ಇದಕ್ಕೆ ಒಳ್ಳೆಯ ಉದಾಹರಣೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹವನ್ನು ಸುಮಾರು 618 ಕಿಲೋಮೀಟರ್ ಎತ್ತರದ ಕಕ್ಷೆಗೆ ಸೇರಿಸಲಾಯಿತು. ಅದರ ಕ್ಯಾಮರಾದ ಒಂದು ಸಾಲಿನಲ್ಲಿ 12,000 ಬಿಂದುಗಳಿದ್ದವು. ಒಂದೊಂದು ಬಿಂದು ನೆಲದ ಮೇಲೆ ಸುಮಾರು ಎರಡೂವರೆ ಮೀಟರ್ ಜಾಗವನ್ನು ನೋಡುತ್ತಿತ್ತು.

ಎತ್ತರ ಅಳೆಯಲು ಒಂದು ಕಣ್ಣು ಸಾಲದು. ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಪಕ್ಕಕ್ಕೆ ಜರುಗಿದಂತೆ ಕಾಣುತ್ತದೆ. ಹತ್ತಿರದ ವಸ್ತು ಹೆಚ್ಚು ಜರುಗುತ್ತದೆ, ದೂರದ್ದು ಕಡಿಮೆ. ಇದೇ ತತ್ವದಂತೆ ಕಾರ್ಟೋಸ್ಯಾಟ್-1ರಲ್ಲಿ ಎರಡು ಕ್ಯಾಮರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ ವಾಲಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಮೊದಲನೆಯದು ನೋಡಿದ ಜಾಗವನ್ನು ಎರಡನೆಯದು ಸುಮಾರು 52 ಸೆಕೆಂಡುಗಳ ನಂತರ ನೋಡುತ್ತಿತ್ತು. ಎರಡು ಚಿತ್ರಗಳ ನಡುವಿನ ಜರುಗುವಿಕೆಯಿಂದ ಗುಡ್ಡ ಎಷ್ಟು ಎತ್ತರ, ಕಣಿವೆ ಎಷ್ಟು ಆಳ ಎಂದು ಲೆಕ್ಕ ಹಾಕುತ್ತಾರೆ.

ಸಣ್ಣ ತಪ್ಪು, ದೊಡ್ಡ ವ್ಯತ್ಯಾಸ

ಕ್ಯಾಮರಾ ನೋಡುವ ದಿಕ್ಕಿನಲ್ಲಿ ಒಂದು ಡಿಗ್ರಿಯ 3,600ನೇ ಒಂದು ಪಾಲಿನಷ್ಟು ತಪ್ಪಾದರೂ 618 ಕಿಲೋಮೀಟರ್ ಕೆಳಗೆ ನೆಲದ ಮೇಲೆ ಗುರುತು 3 ಮೀಟರ್ ಸರಿದುಹೋಗುತ್ತದೆ. ಎರಡು ಚಿತ್ರಗಳನ್ನು ಹೊಂದಿಸುವಾಗ ಒಂದೇ ಒಂದು ಬಿಂದುವಿನಷ್ಟು ತಪ್ಪಿದರೆ ಎತ್ತರದಲ್ಲಿ ಸುಮಾರು 4 ಮೀಟರ್ ವ್ಯತ್ಯಾಸ ಬರುತ್ತದೆ. ಇದಲ್ಲದೆ ಫಿಲಂ ಕ್ಯಾಮರಾದಲ್ಲಿ ಇಲ್ಲದ ತೊಡಕೊಂದು ಇಲ್ಲಿದೆ. ಪ್ರತಿಯೊಂದು ಗೆರೆಯೂ ಬೇರೆ ಬೇರೆ ಕ್ಷಣದಲ್ಲಿ, ಬೇರೆ ಬೇರೆ ಜಾಗದಿಂದ ತೆಗೆದದ್ದು. ನಡುವೆ ಉಪಗ್ರಹ ತುಸು ಓಲಾಡಿದರೂ ನೇರ ರಸ್ತೆ ಸೊಟ್ಟಗಾಗಿ ಕಾಣುತ್ತದೆ.

ಪರೀಕ್ಷೆ ನಡೆಯುವ ಬಗೆ

ಮೊದಲನೆಯದು ಬೆಳಕಿನ ಪರೀಕ್ಷೆ. ಕಸಬರಿಗೆಯ ಒಂದು ಕಡ್ಡಿ ಮುರಿದಿದ್ದರೆ ಅಂಗಳದ ಉದ್ದಕ್ಕೂ ಕಸದ ಗೆರೆ ಉಳಿಯುತ್ತದಲ್ಲವೇ? ಹಾಗೆಯೇ ಒಂದು ಬಿಂದು ಮಂಕಾಗಿದ್ದರೆ ಇಡೀ ಚಿತ್ರದ ಉದ್ದಕ್ಕೂ ಪಟ್ಟೆ ಬೀಳುತ್ತದೆ. ಆದ್ದರಿಂದ ಎಲ್ಲ ಬಿಂದುಗಳಿಗೂ ಪೂರ್ಣ ಕತ್ತಲೆಯನ್ನೂ ಸಮನಾದ ಬೆಳಕನ್ನೂ ತೋರಿಸಿ, ಒಂದೊಂದರ ಹೆಚ್ಚುಕಡಿಮೆಯನ್ನು ಗುರುತು ಹಾಕಿಕೊಳ್ಳುತ್ತಾರೆ.

ಎರಡನೆಯದು ಆಕಾರದ ಪರೀಕ್ಷೆ. ಮಸೂರದಿಂದ ಬಿಂದುಗಳ ಸಾಲಿಗೆ ಇರುವ ದೂರ, ಮಸೂರದ ಡೊಂಕು, ಪ್ರತಿ ಬಿಂದುವೂ ನೋಡುವ ದಿಕ್ಕು, ಎರಡು ಕ್ಯಾಮರಾಗಳ ನಡುವಿನ ಕೋನ ಇವನ್ನೆಲ್ಲ ಪ್ರಯೋಗಾಲಯದಲ್ಲಿಯೇ ಅಳೆಯುತ್ತಾರೆ.

ಮೂರನೆಯದು ಹಾರಿದ ನಂತರದ ಪರೀಕ್ಷೆ. ರಾಕೆಟ್ಟಿನ ಅದುರುವಿಕೆ, ಭಾರವಿಲ್ಲದ ಸ್ಥಿತಿ, ಬಿಸಿಲು ನೆರಳಿನ ತಾಪ ಇವುಗಳಿಂದ ಪ್ರಯೋಗಾಲಯದ ಅಳತೆ ತುಸು ಬದಲಾಗುತ್ತದೆ. ಉಪಗ್ರಹವು ನಕ್ಷತ್ರಗಳನ್ನು ನೋಡಿ ತನ್ನ ದಿಕ್ಕನ್ನು ತಿಳಿಯುತ್ತದೆ. ಆ ನಕ್ಷತ್ರ ನೋಡುವ ಸಾಧನಕ್ಕೂ ಭೂಮಿ ನೋಡುವ ಕ್ಯಾಮರಾಕ್ಕೂ ನಡುವಿನ ಕೋನವನ್ನು ಮತ್ತೆ ಕಂಡುಹಿಡಿಯಬೇಕು. ಇದಕ್ಕಾಗಿ ರಸ್ತೆ ಕೂಡುವ ಜಾಗ, ಸೇತುವೆಯ ಮೂಲೆ, ಕಟ್ಟೆಯ ತುದಿ ಇಂಥ ಕದಲದ ಗುರುತುಗಳನ್ನು ನೆಲದ ಮೇಲೆ ಜಿ.ಪಿ.ಎಸ್. ಉಪಕರಣದಿಂದ ಅಳೆದು, ಚಿತ್ರದೊಡನೆ ಹೋಲಿಸುತ್ತಾರೆ. ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳನ್ನು ನೆಲದ ಗುರುತುಗಳಿಲ್ಲದೆ ಬಳಸಿದಾಗ ತಪ್ಪು ನೂರಾರು ಮೀಟರ್ ಬಂದದ್ದುಂಟು. ಕೆಲವೇ ಒಳ್ಳೆಯ ಗುರುತುಗಳನ್ನು ಸೇರಿಸಿದೊಡನೆ ಅದು ಕೆಲವೇ ಮೀಟರಿಗೆ ಇಳಿಯಿತು. ನೆಲದಲ್ಲಿ ನಡೆಯುವ ಅಳತೆಯ ಬೆಲೆ ಇದರಿಂದ ತಿಳಿಯುತ್ತದೆ.

ಮಲೆನಾಡಿನ ತೊಡಕು

ಈ ಗುರುತುಗಳು ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುತ್ತವೆ. ನಮ್ಮಲ್ಲಿ ಮರಗಳ ಮರೆಯಲ್ಲಿ ರಸ್ತೆಯೇ ಕಾಣುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಕ್ಯಾಮರಾಕ್ಕೆ ಕಾಣುವುದು ಸಿಲ್ವರ್ ಓಕ್ ಮರದ ತುದಿ ಮತ್ತು ಅಡಿಕೆಯ ಸೋಗೆ, ಅವುಗಳ ಬುಡದ ನೆಲವಲ್ಲ. ಮರದ ಎತ್ತರವೂ ಸೇರಿದ ಲೆಕ್ಕವನ್ನು ನೆಲದ ಎತ್ತರವೆಂದು ನಂಬಿ ಪೈಪು ಹಾಕಿದರೆ ನೀರು ಹರಿಯಬೇಕಾದ ಕಡೆಗೆ ಹರಿಯದು.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಹೊರಬಂದ ಮೇಲೆ ಉಪಗ್ರಹ ಚಿತ್ರದ ಮಾತು ನಮ್ಮೂರುಗಳಲ್ಲಿ ಬಹಳ ನಡೆದಿದೆ. ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಜಾಗ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದು ಇಲ್ಲಿ ಹೇಳಿದ ಪರೀಕ್ಷೆಯಿಂದ ಸರಿಹೋಗುತ್ತದೆ. ಆ ಹಸಿರು ಕಾಡೋ, ನೆರಳಿನ ಕಾಫಿ ತೋಟವೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸ್ಥಳ ತನಿಖೆಯೇ ಬೇಕು.

ಬೆಳೆಗಾರರು ಕೇಳಬೇಕಾದದ್ದು

ಭೂಪಟ ಕೈಗೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ:

1. ಚಿತ್ರ ಯಾವ ವರ್ಷ, ಯಾವ ತಿಂಗಳಿನದು?
2. ನಮ್ಮ ಭಾಗದಲ್ಲಿ ನೆಲದ ಗುರುತುಗಳನ್ನು ಎಷ್ಟು ಕಡೆ ಅಳೆದಿದ್ದಾರೆ?
3. ಅಡ್ಡಕ್ಕೆ ಎಷ್ಟು ಮೀಟರ್, ಎತ್ತರದಲ್ಲಿ ಎಷ್ಟು ಮೀಟರ್ ತಪ್ಪಿರಬಹುದು?
4. ತೋರಿಸಿದ ಎತ್ತರ ನೆಲದ್ದೋ, ಮರದ ತುದಿಯದೋ?

ಒಂದು ಹಳ್ಳದ ನೀರು ಒಟ್ಟಾರೆ ಯಾವ ಕಡೆಯಿಂದ ಬರುತ್ತದೆ, ಕೆರೆ ಎಲ್ಲಿ ಆದೀತು ಎಂದು ಮೊದಲ ಅಂದಾಜು ಮಾಡಲು ಈ ಭೂಪಟಗಳು ಬಹಳ ಉಪಯುಕ್ತ. ಆದರೆ ಎರಡೂವರೆ ಮೀಟರ್ ಬಿಂದುವಿನ ಚಿತ್ರದಿಂದ ಬಾಂದು ಕಲ್ಲಿನ ತಕರಾರು ತೀರದು. ಅದಕ್ಕೆ ಸರ್ವೆಯವರ ಅಳತೆಯೇ ಆಗಬೇಕು. ಕಾಲುವೆ, ಪೈಪಿನ ಮಟ್ಟವನ್ನು ನೀರು ತುಂಬಿದ ಕೊಳವೆಯಿಂದಲಾದರೂ ಸ್ಥಳದಲ್ಲಿ ನೋಡಿಯೇ ಕೆಲಸ ಹಿಡಿಯುವುದು ಕ್ಷೇಮ.