ಪಚ್ಚೆ ಗಾಜಿಗೆ ಹಾರಿದ ರಾತ್ರಿ

ಟಪ್. ಸ್ವಲ್ಪ ಹೊತ್ತು ಮೌನ. ಮತ್ತೆ ಟಪ್.

ಸಿಡ್ನಿಯ ಮಗಳ ಮನೆಗೆ ಹೋದ ಎರಡನೇ ವಾರ, ನಡುರಾತ್ರಿ ಈ ಸದ್ದಿಗೆ ಎಚ್ಚರವಾಯಿತು. ಹಾಲಿಗೆ ಬಂದು ನೋಡಿದರೆ ಮೊಮ್ಮಗಳು ಸಾಕಿದ ಮರಗಪ್ಪೆ ‘ಪಚ್ಚೆ’ ತೊಟ್ಟಿಯ ಗಾಜಿಗೆ ಹಾರಿ ಹಾರಿ ಬೀಳುತ್ತಿದೆ. ಮೂಗಿನ ತುದಿ ತರಚಿ ಕೆಂಪಾಗಿದೆ. ಹಿಂಗಾಲು ಒಮ್ಮೊಮ್ಮೆ ಸೆಟೆಯುತ್ತಿದೆ.

ಮರಗಪ್ಪೆ ರಾತ್ರಿಯ ಜೀವಿ. ಹಗಲೆಲ್ಲ ಕಾಲು ಮಡಚಿ, ಕಣ್ಣು ಮುಚ್ಚಿ ಎಲೆಗೆ ಅಂಟಿಕೊಂಡಿದ್ದು, ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ಹೋಗುತ್ತದೆ, ಹುಳ ಹಿಡಿಯುತ್ತದೆ. ಮಳೆಯ ವಾಸನೆ ಬಂದರೆ ಗಂಡು ಕೂಗುತ್ತದೆ. ಹೊಸ ತೊಟ್ಟಿಗೆ ಬಂದ ಕಪ್ಪೆ ಕೆಲವು ದಿನ ಜಾಗ ಹುಡುಕುತ್ತ ಓಡಾಡುವುದೂ ಉಂಟು. ಇದಕ್ಕೆಲ್ಲ ಗಾಬರಿ ಬೇಡ. ಆದರೆ ಒಂದೇ ಕಡೆ ಪದೇ ಪದೇ ಗಾಜಿಗೆ ಬಡಿದುಕೊಳ್ಳುವುದು, ಮೂಗು ಉಜ್ಜಿ ಗಾಯ ಮಾಡಿಕೊಳ್ಳುವುದು ಓಡಾಟವಲ್ಲ, ಸಂಕಟ.

ಕಾರಣ ಆ ರಾತ್ರಿಯೇ ಹೊಳೆಯಿತು. ಬೆಳಿಗ್ಗೆ ತೊಟ್ಟಿ ತೊಳೆದವಳು ನಾನೇ. ನಮ್ಮ ಮನೆಯ ಪಾತ್ರೆ ಬೆಳಗುವ ಹಾಗೆ ಪಾತ್ರೆ ಸೋಪು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದ್ದೆ. ಕೊಂಬೆ, ಎಲೆಗಳನ್ನೆಲ್ಲ ತೆಗೆದು ಬಿಸಿಲಿಗೆ ಒಣಹಾಕಿದ್ದೆ. ನಲ್ಲಿಯ ನೀರನ್ನು ನೇರವಾಗಿ ಬಟ್ಟಲಿಗೆ ತುಂಬಿದ್ದೆ. ಸಾಗರದ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಪಾಠ ಮಾಡಿದವಳು ನಾನು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ! ಕೈಯಲ್ಲಿ ಸೋಪು ಹಿಡಿದಾಗ ಅದು ನೆನಪಿಗೇ ಬರಲಿಲ್ಲ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ, ತೊಡೆಯ ತೆಳು ಚರ್ಮವನ್ನು ನೀರಿಗೆ ತಾಗಿಸಿ ಕೂರುತ್ತದೆ, ಅಲ್ಲಿಂದ ನೀರು ಒಳಗೆ ಇಳಿಯುತ್ತದೆ. ನೀರಿನ ಜೊತೆ ಅದರಲ್ಲಿ ಕರಗಿದ್ದೂ ಇಳಿಯುತ್ತದೆ. ಸೋಪಿನ ಪಸೆ, ನಮ್ಮ ಕೈಯ ಕ್ರೀಮು, ನಲ್ಲಿ ನೀರಿನ ಕ್ಲೋರಿನ್ ಯಾವುದೂ ಇದಕ್ಕೆ ಹೊರತಲ್ಲ. ಕಪ್ಪೆ ಬಟ್ಟಲಿನಲ್ಲೇ ಕೂತು ಹೇಲುತ್ತದೆ. ಆ ನೀರನ್ನು ಬದಲಿಸದೆ ಬಿಟ್ಟರೆ ಅದರ ಅಮೋನಿಯಾ ಅದೇ ಚರ್ಮದಿಂದ ವಾಪಸು ಒಳಗೆ ಹೋಗುತ್ತದೆ. ಹುಚ್ಚು ಹಿಡಿದಂತೆ ಹಾರುವುದು, ಕಾಲು ಸೆಟೆಯುವುದು ಇಂಥ ವಿಷದ ಲಕ್ಷಣ.

ಮಗಳನ್ನು ಎಬ್ಬಿಸಿದೆ. ಅವಳು ರಾತ್ರಿ ಪಾಳಿಯ ಪ್ರಾಣಿವೈದ್ಯರಿಗೆ ಫೋನ್ ಮಾಡಿದಳು. ಅವರು ಹೇಳಿದಂತೆ ಸ್ವಚ್ಛ ಡಬ್ಬಿಯೊಂದರಲ್ಲಿ, ಕ್ಲೋರಿನ್ ತೆಗೆದ ನೀರನ್ನು ಪಚ್ಚೆಯ ಹೊಟ್ಟೆ ಮುಟ್ಟುವಷ್ಟೇ ಹಾಕಿ ಕೂರಿಸಿದೆವು. ಆಗಾಗ ನೀರು ಬದಲಿಸುತ್ತಾ ಬೆಳಗು ಮಾಡಿದೆವು. ಮೊಮ್ಮಗಳು ಎದ್ದು ಬಂದು, “ಅಜ್ಜಿ, ಅದು ಸಾಯಲ್ಲ ಅಲ್ವಾ?” ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಏಳು ಗಂಟೆಯ ಹೊತ್ತಿಗೆ ಸೆಟೆತ ನಿಂತಿತು. ಗಂಟಲಿನ ಮಿಡಿತ ಒಂದು ಹದಕ್ಕೆ ಬಂತು.

ತೊಟ್ಟಿಯನ್ನು ಬರೀ ಬಿಸಿನೀರಿನಲ್ಲಿ ಹಲವು ಸಲ ತೊಳೆದು ಹೊಸದಾಗಿ ಸಜ್ಜುಮಾಡಿದೆವು. ಗಾಜು ಎಂದರೇನೆಂದು ಕಪ್ಪೆಗೆ ತಿಳಿಯದು, ಆಚೆ ಕಾಣುವುದೆಲ್ಲ ಅದಕ್ಕೆ ಬಯಲು. ಅದಕ್ಕೇ ಮೂರು ಬದಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದೆವು. ಅಡ್ಡ ಕೊಂಬೆಗಳನ್ನೂ ಬಚ್ಚಿಟ್ಟುಕೊಳ್ಳಲು ದಟ್ಟ ಎಲೆಗಳನ್ನೂ ಇಟ್ಟೆವು. ತೊಟ್ಟಿಯನ್ನು ಟಿವಿಯ ಪಕ್ಕದಿಂದ ತೆಗೆದು ಮೂಲೆಗೆ ಸರಿಸಿದೆವು. ಥರ್ಮಾಮೀಟರ್ ಇಟ್ಟು ನೋಡಿದಾಗ ಇನ್ನೊಂದು ತಪ್ಪೂ ಸಿಕ್ಕಿತು: ಶಾಖದ ದೀಪದಿಂದ ತೊಟ್ಟಿಯ ತುಂಬ 32 ಡಿಗ್ರಿ, ತಂಪು ಜಾಗವೇ ಇಲ್ಲ. ಪಚ್ಚೆಯ ಜಾತಿಗೆ ಹಗಲು 25ರಿಂದ 28 ಡಿಗ್ರಿ ಸಾಕು, ರಾತ್ರಿ ಸ್ವಲ್ಪ ಇಳಿಯಬೇಕು. ದೀಪವನ್ನು ಒಂದು ಬದಿಗೆ ಸರಿಸಿದೆವು. ನೀರಿನ ವಿಷಯದಲ್ಲೂ ಎಚ್ಚರ ಬೇಕು: ಅನೇಕ ಊರುಗಳ ನಲ್ಲಿ ನೀರಿಗೆ ಕ್ಲೋರಮಿನ್ ಬೆರೆಸುತ್ತಾರೆ. ರಾತ್ರಿಯಿಡೀ ತೆರೆದಿಟ್ಟರೂ ಅದು ಹೋಗುವುದಿಲ್ಲ, ಸಾಕುಮೀನಿನ ಅಂಗಡಿಯಲ್ಲಿ ಸಿಗುವ, ಅದನ್ನು ತೆಗೆಯುವ ದ್ರಾವಣ ಹಾಕಲೇಬೇಕು.

ಇಷ್ಟೆಲ್ಲ ಸರಿಯಿದ್ದೂ ಕಪ್ಪೆ ಹಗಲಲ್ಲಿ ಬಯಲಿಗೆ ಬಂದು ಮಂಕಾಗಿ ಕೂತರೆ, ಚರ್ಮ ಪದೇ ಪದೇ ಸುಲಿದರೆ, ಮಗುಚಿ ಹಾಕಿದಾಗ ತಿರುಗದಿದ್ದರೆ ವೈದ್ಯರಲ್ಲಿಗೆ ಒಯ್ಯಲೇಬೇಕು. 1998ರಲ್ಲಿ ವಿಜ್ಞಾನಿಗಳು ಗುರುತಿಸಿದ ಕೈಟ್ರಿಡ್ ಶಿಲೀಂಧ್ರ ರೋಗದ ಲಕ್ಷಣವೂ ಹೀಗೇ ಇರುತ್ತದೆ. ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿದ ರೋಗವದು.

ಪಚ್ಚೆ ಆಸ್ಟ್ರೇಲಿಯಾದ ಹಸಿರು ಮರಗಪ್ಪೆ. 1790ರಲ್ಲಿ ಜಾನ್ ವೈಟ್ ಎಂಬ ಸರ್ಜನ್ ಇದನ್ನು ಮೊದಲು ವರ್ಣಿಸಿದ. ಇದರ ಲ್ಯಾಟಿನ್ ಹೆಸರಿನಲ್ಲಿ ‘ನೀಲಿ’ ಇದೆ, ಮದ್ಯಸಾರದಲ್ಲಿಟ್ಟ ಮಾದರಿಯ ಹಸಿರು ಹೋಗಿ ನೀಲಿಯಾಗಿದ್ದೇ ಅದಕ್ಕೆ ಕಾರಣವಂತೆ. ಸರಿಯಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದನ್ನು ಸಾಕಲು ಪರವಾನಗಿ ಬೇಕು, ಹೊರಗಿನಿಂದ ಹಿಡಿದು ತರುವಂತಿಲ್ಲ.

ಊರಿಗೆ ವಾಪಸು ಬಂದಾಗ ಮಳೆ ಹಿಡಿದಿತ್ತು. ನಮ್ಮ ಬಚ್ಚಲುಮನೆಯ ಗೋಡೆಗೆ ಎಂದಿನಂತೆ ಕಂದು ಮರಗಪ್ಪೆಯೊಂದು ಅಂಟಿಕೊಂಡಿತ್ತು. ಒಲೆಯ ಬಿಸಿ ಹೆಚ್ಚಾದರೆ ಅದು ಮೇಲಿನ ಜಂತಿಗೆ ಹೋಗುತ್ತದೆ, ಸೋಪಿನ ನೀರು ಹರಿದರೆ ಕಿಟಕಿಯಿಂದ ಆಚೆ ಜಿಗಿಯುತ್ತದೆ. ಪಚ್ಚೆಗೆ ಆ ದಾರಿಯಿರಲಿಲ್ಲ. ಮಲೆನಾಡಿನ ಮಕ್ಕಳೇ, ನಿಮ್ಮ ಗೋಡೆಯ ಮೇಲಿನ ಕಪ್ಪೆಯನ್ನು ಡಬ್ಬಿಗೆ ಹಾಕಬೇಡಿ, ಅದು ಇದ್ದಲ್ಲೇ ನೋಡಿ.