ಮಿರ್ಚಿಗೆ ಅಂಕ ಕೊಡಲು ಹೊರಟ ನಾಲ್ವರು

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ಅನಂತಶಯನಗುಡಿಯನ್ನು ದಾಟಿ ಮುಂದುವರಿದರೆ ಕಡ್ಡಿರಾಂಪುರ ಎದುರಾಗುತ್ತದೆ. ವಿಜಯನಗರ ಕಾಲದ ಗುಮ್ಮಟವುಳ್ಳ ಗೋರಿಗಳು ಇಲ್ಲಿರುವುದನ್ನು ಇತಿಹಾಸಾಸಕ್ತರು ಬಲ್ಲರು. ಹಂಪಿಯನ್ನು ಕಾಣುವ ಆತುರದಲ್ಲಿರುವ ಪ್ರವಾಸಿಗರಾದರೋ ಈ ಊರನ್ನು ವಾಹನದ ಕಿಟಕಿಯಿಂದಷ್ಟೇ ನೋಡುತ್ತಾರೆ. ನಾವೂ ಬಹುಕಾಲ ಹಾಗೆಯೇ ದಾಟಿಹೋದವರು. ಈ ಊರಿನ ಒಂದು ಮಿರ್ಚಿ ಅಂಗಡಿಗೆ ನಾವು ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಅನಂತರ ಆ ನಾಲ್ಕನ್ನು ನುಂಗಲೂ ಆಗದೆ ಉಗುಳಲೂ ಆಗದೆ ಪೇಚಾಡಿದ ವೃತ್ತಾಂತವನ್ನು ಓದುಗರ ಮುಂದಿಡುತ್ತಿದ್ದೇವೆ.

ಈ ಸಾಹಸಕ್ಕೆ ಮೂಲ ಬರ್ಗರ್ ಎಂದರೆ ಆಶ್ಚರ್ಯವಾದೀತು. ನಮ್ಮ ಮಿತ್ರರೊಬ್ಬರ ಸೋದರಳಿಯ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣ. ಆತನೂ ಆತನ ಗೆಳೆಯರೂ ವಾರಕ್ಕೊಂದು ಪಾನಗೃಹಕ್ಕೆ ಹೋಗಿ, ಅಲ್ಲಿನ ಬರ್ಗರನ್ನು ತಿಂದು, ಬನ್ನಿಗೆ ಇಷ್ಟು, ಒಳಗಿನ ಬಿಲ್ಲೆಗೆ ಇಷ್ಟು ಎಂದು ಅಂಕ ಹಾಕುವ ರೂಢಿಯಂತೆ. ಕಳೆದ ಚಳಿಗಾಲದಲ್ಲಿ ಹೊಸಪೇಟೆಗೆ ಬಂದವನು ಇಲ್ಲಿಯೂ ಬರ್ಗರನ್ನೇ ಅರಸಿದ. ಹಂಪಿಯಲ್ಲಿ ವಿದೇಶಿಯರಿಗೆಂದು ನಡೆಯುವ ಒಂದು ಉಪಾಹಾರಗೃಹಕ್ಕೆ ಅವನನ್ನು ಕರೆದೊಯ್ದೆವು. ವಿರೂಪಾಕ್ಷ ದೇಗುಲದ ಆಸುಪಾಸಿನಲ್ಲಿ ಮಾಂಸಕ್ಕಾಗಲಿ ಮದ್ಯಕ್ಕಾಗಲಿ ಅವಕಾಶವಿಲ್ಲದಿರುವುದರಿಂದ ದೊರೆತದ್ದು ಆಲೂಗಡ್ಡೆಯ ಬಿಲ್ಲೆಯಿಟ್ಟ ಬನ್ನು. ಅದರಲ್ಲಿ ಅವಮಾನವೇನೂ ಇಲ್ಲ. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದ ಮೆಕ್‌ಡೊನಾಲ್ಡ್ಸ್ ಸಂಸ್ಥೆಯೂ ಭಾರತಕ್ಕೆ ಬರುವಾಗ ದನದ ಮಾಂಸವನ್ನು ಕೈಬಿಟ್ಟೇ ಬಂದಿತ್ತು. ಆದರೂ ತರುಣ ಮುಖ ಸಿಂಡರಿಸಿ, "ನಿಮ್ಮ ಊರಿನಲ್ಲಿ ಅಂಕ ಕೊಡುವಂಥದ್ದು ಏನೂ ಇಲ್ಲವೇ?" ಎಂದು ಕೇಳಿದ. ಆ ಪ್ರಶ್ನೆ ನಮ್ಮನ್ನು ಕೆಣಕಿತು.

ನಮ್ಮ ಸೀಮೆಯಲ್ಲಿ ಗೆಳೆಯರು ಕಲೆತಾಗ ತಿನ್ನುವುದು ಮಿರ್ಚಿ ಮತ್ತು ಒಗ್ಗರಣೆ. ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಜೀರಿಗೆ, ಉಪ್ಪು, ಹುಣಸೆಹಣ್ಣಿನ ಮಿಶ್ರಣವನ್ನು ಒಳಗೆ ಸವರಿ, ಓಂಕಾಳು ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಮಿರ್ಚಿ. ಮಂಡಾಳನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಈರುಳ್ಳಿ, ಅರಿಶಿನ, ಹುಳಿಯೊಡನೆ ಬಾಣಲೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಒಗ್ಗರಣೆ. ದಾವಣಗೆರೆಯವರು ಮಂಡಾಳನ್ನು ಮಂಡಕ್ಕಿಯೆನ್ನುತ್ತಾರೆ. ಧಾರವಾಡದ ಕಡೆ ಅದು ಚುರುಮುರಿ, ಅದರಿಂದಾದದ್ದು ಗಿರ್ಮಿಟ್ಟು. ಮೈಸೂರಿನವರಿಗೆ ಅದು ಪುರಿ. ಆಂಧ್ರದ ಗಡಿ ದಾಟಿದರೆ ಇದೇ ಒಗ್ಗರಣೆ ಉಗ್ಗಾಣಿಯಾಗಿ, ಅಲ್ಲಿಯೂ ಬಜ್ಜಿಯ ಜೊತೆ ಬಿಡದೆ ಬರುತ್ತದೆ. ಯಾರದು ಮೂಲ ಎಂಬ ವಾಗ್ವಾದಕ್ಕೆ ನಾವು ಇಳಿಯಲಾರೆವು. 1336ರಲ್ಲಿ ವಿಜಯನಗರ ಸ್ಥಾಪನೆಯಾದಾಗ ಈ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅಮೆರಿಕ ಖಂಡದ ಈ ಗಿಡವನ್ನು ತಂದವರು ಪೋರ್ಚುಗೀಸರು. ಮೆಣಸಿನಕಾಯಿಯನ್ನು ಹಾಡಿ ಹೊಗಳುವ ಪದವೊಂದು ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವುದನ್ನು ನೋಡಿದರೆ, ಬಂದ ಅತಿಥಿ ಬಲುಬೇಗ ಮನೆಯವನೇ ಆಗಿಬಿಟ್ಟನೆಂದು ತೋರುತ್ತದೆ.

ನಾವು ನಾಲ್ವರೂ ಒಂದು ನೋಟುಪುಸ್ತಕ ಕೊಂಡೆವು. ನಮ್ಮಲ್ಲಿ ಒಬ್ಬರು ನಿವೃತ್ತ ರಸಾಯನಶಾಸ್ತ್ರ ಶಿಕ್ಷಕರು. ಅಂಕದ ವಿಷಯವಾದ್ದರಿಂದ ಲೇಖನಿ ಅವರ ಕೈ ಸೇರಿತು. ಹಿಟ್ಟಿನ ಹೊದಿಕೆಗೆ ಮೂರು, ಮೆಣಸಿನಕಾಯಿಗೆ ಮೂರು, ಒಗ್ಗರಣೆಗೆ ಮೂರು, ಶುಚಿತ್ವಕ್ಕೆ ಒಂದು, ಒಟ್ಟು ಹತ್ತು. ಮಾಲೀಕರಿಗೆ ತಿಳಿಯದಂತೆ ತಿನ್ನಬೇಕು, ಹೊರಗೆ ಬಂದ ಮೇಲೆ ಬರೆಯಬೇಕು ಎಂಬ ನಿಯಮವೂ ಆಯಿತು.

ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊಸಪೇಟೆಯ ಬಸ್ ನಿಲ್ದಾಣದ ಸಮೀಪದ ಗಾಡಿಯಿಂದ ಆರಂಭ. ಮೊದಲ ಬಾಣಲೆಯ ಮಿರ್ಚಿ. ಹೊದಿಕೆ ಕಚ್ಚಿದರೆ ಸದ್ದು, ಒಳಗೆ ಕಣ್ಣಲ್ಲಿ ನೀರು ತರಿಸುವ ಖಾರ. ಒಂಬತ್ತು ಅಂಕ ಅವಿರೋಧವಾಗಿ ದೊರೆಯಿತು. ಅನಂತರ ಮಾರುಕಟ್ಟೆಯ ಹಿಂದಿನ ಅಂಗಡಿ, ಅನಂತರ ಹಂಪಿಯಲ್ಲಿ ಒಂದು. ಹಿಂದಿರುಗುವಾಗ, ಬಿಸಿಲೇರಿದ ಮೇಲೆ, ಕಡ್ಡಿರಾಂಪುರದಲ್ಲಿ ತಗಡಿನ ಮರೆಯ ಕೆಳಗೆ ಒಬ್ಬ ಹೆಣ್ಣುಮಗಳು ನಡೆಸುವ ಅಂಗಡಿಯಲ್ಲಿ ನಿಂತೆವು. ಅಷ್ಟರಲ್ಲಿ ತಲಾ ಏಳೆಂಟು ಮಿರ್ಚಿ ನಮ್ಮ ಹೊಟ್ಟೆ ಸೇರಿದ್ದವು. ಆಕೆಯ ಮಿರ್ಚಿಯಲ್ಲಿ ಖಾರವೇ ಇಲ್ಲವೆಂದು ಒಬ್ಬರು, ಎಣ್ಣೆ ಹೆಚ್ಚೆಂದು ಇನ್ನೊಬ್ಬರು. ಮೆಣಸಿನಕಾಯಿಗೆ ಒಂದು, ಹೊದಿಕೆಗೆ ಒಂದು, ಒಗ್ಗರಣೆಗೆ ಒಂದು. ಶುಚಿತ್ವದ ಒಂದನ್ನು ಯಾರೂ ಕೀಳಲಾರದೆ ಹೋದರು. ಒಟ್ಟು ನಾಲ್ಕು.

ಮುಂದಿನ ವಾರಗಳಲ್ಲಿ ಸಂಡೂರು, ಕಂಪ್ಲಿಗಳಿಗೂ ಹೋದೆವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಬಾಣಲೆಗಳಿಗೆ ಮಾತ್ರ ಈ ಗಡಿಯ ಅರಿವಿಲ್ಲ. ಕಂಪ್ಲಿ ತುಂಗಭದ್ರೆಯ ದಂಡೆಯ ಭತ್ತದ ನಾಡು. ಅಲ್ಲಿಯ ಮಿರ್ಚಿ ಸಾಧಾರಣವಾದರೂ ಒಗ್ಗರಣೆಯ ಮಂಡಾಳು ನೆನೆದೂ ಮುದ್ದೆಯಾಗದೆ ಕಾಳುಕಾಳಾಗಿತ್ತು. ಒಗ್ಗರಣೆಗೆ ಮೂರಕ್ಕೆ ಮೂರು ಪಡೆದದ್ದು ಆ ಒಂದೇ ಅಂಗಡಿ. ಸಂಡೂರಿನಲ್ಲಿ ನಾವು ಕುಳಿತ ಅಂಗಡಿ ಅದಿರು ಲಾರಿಗಳ ಚಾಲಕರನ್ನೇ ನಂಬಿದ್ದು. ಅಂಗೈ ಉದ್ದದ ಮಿರ್ಚಿ, ದಪ್ಪ ಹೊದಿಕೆ. ದೂರ ಹೋಗುವವನ ಹೊಟ್ಟೆಗೆ ಹೇಳಿಮಾಡಿಸಿದ್ದು. "ಒಂದು ಕಾಲಕ್ಕೆ ಎಲ್ಡು ಬಾಣಲೆ ಇಟ್ಟಿದ್ದೆ ಸಾರ್. ಗಣಿ ನಿಂತಾಗ ಒಂದನ್ನ ಮಾರಿದೆ" ಎಂದರು ಮಾಲೀಕರು. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆದದ್ದು 2011ರ ಜುಲೈನಲ್ಲಿ. ಬಗೆದ ಬೆಟ್ಟಗಳನ್ನೂ ಕೆಂಪು ಧೂಳು ಮುಸುಕಿದ ಹೊಲಗಳನ್ನೂ ಕಂಡವರು ಆ ತೀರ್ಪನ್ನು ಅನ್ಯಾಯವೆನ್ನಲಾರರು. ಗಣಿಗಳು ಹಂತಹಂತವಾಗಿ ಮರಳಿ ತೆರೆದರೂ ಎರಡನೆಯ ಬಾಣಲೆ ಮಾತ್ರ ಆ ಅಂಗಡಿಗೆ ಮರಳಲಿಲ್ಲ. ಏಳು ಅಂಕ ಕೊಟ್ಟೆವು.

ಇಷ್ಟಕ್ಕೇ ನಿಂತಿದ್ದರೆ ಇದು ನಾಲ್ವರ ವಿನೋದವಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಮಂಡಳಿಯ ಮೂರನೆಯವರು ಹೊಸಪೇಟೆಯ ಒಂದು ವಸತಿಗೃಹದಲ್ಲಿ ವ್ಯವಸ್ಥಾಪಕರು. ಪ್ರವಾಸಿಗರು ಸ್ಥಳೀಯ ತಿಂಡಿ ಎಲ್ಲಿ ಚೆನ್ನಾಗಿದೆಯೆಂದು ಕೇಳುತ್ತಲೇ ಇರುತ್ತಾರಾದ್ದರಿಂದ ನಮ್ಮ ಪಟ್ಟಿಯನ್ನು ಅಂದವಾಗಿ ಬರೆಸಿ ಮೇಜಿನ ಪಕ್ಕದ ಗೋಡೆಗೆ ಅಂಟಿಸಿದರು. ಅಂಗಡಿ, ಊರು, ಅಂಕ ಎಲ್ಲವೂ ಇದ್ದವು. ಕೊನೆಯ ಸಾಲಿನಲ್ಲಿ ಕಡ್ಡಿರಾಂಪುರ, ನಾಲ್ಕು. ನಾವು ಹೆಮ್ಮೆಪಟ್ಟೆವೆಂಬುದನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳ ಬಳಿಕ ಹಂಪಿಗೆ ಹೊರಟಿದ್ದಾಗ ಆಟೋದ ಚಾಲಕ ತಾನಾಗಿಯೇ ಮಾತು ತೆಗೆದ. ಮೊದಲೆಲ್ಲ ಪ್ರವಾಸಿಗರನ್ನು ಕಡ್ಡಿರಾಂಪುರದಲ್ಲಿ ಇಳಿಸಿ ಮಿರ್ಚಿ ಕೊಡಿಸುತ್ತಿದ್ದನಂತೆ. ಈಗ ಆ ವಸತಿಗೃಹದ ಗಿರಾಕಿಗಳು ಗೋಡೆಯ ಮೇಲಿನ ಪಟ್ಟಿ ನೋಡಿ, "ಅಲ್ಲಿ ಬೇಡ" ಎನ್ನುತ್ತಾರಂತೆ. "ಯಾರೋ ದೊಡ್ಡೋರು ಬರ್ದಾರಂತೆ ಸಾರ್" ಎಂದ. ನಾವು ಮುಖಮುಖ ನೋಡಿಕೊಂಡೆವು. ಆ ದೊಡ್ಡವರಲ್ಲಿ ಇಬ್ಬರು ಅವನ ಹಿಂದಿನ ಆಸನದಲ್ಲಿಯೇ ಇದ್ದರು.

ಕಡ್ಡಿರಾಂಪುರದಲ್ಲಿ ಇಳಿದೆವು. ಬೆಳಗಿನ ಎಂಟು ಗಂಟೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಚಹಾ ಕೇಳುತ್ತ ಮಾತಿಗೆ ಕುಳಿತೆವು. ಆಕೆಯ ಗಂಡನ ಮನೆಯವರು ಹಂಪಿ ಬಜಾರಿನಲ್ಲಿ, ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪವೊಂದರಲ್ಲಿ ಅಂಗಡಿಯಿಟ್ಟವರು. "ನಮ್ಮ ಮಾವನೋರ ಕಾಲದಾಗೆ ಬೆಳಗ್ಗೆ ಗುಡಿ ಗಂಟೆ ಬಾರ್ಸಿದ್ರೆ ನಮ್ದು ಒಲೆ ಹಚ್ಚೋ ಹೊತ್ತು" ಎಂದರು. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ, ಸ್ಮಾರಕಗಳ ಒತ್ತುವರಿಯೆಂಬ ಕಾರಣದಿಂದ ಬಜಾರಿನ ಮನೆ-ಮಳಿಗೆಗಳನ್ನು ತೆರವುಗೊಳಿಸಿದ್ದೂ 2011ರ ಜುಲೈನಲ್ಲಿಯೇ. ಸಂಡೂರಿನಲ್ಲಿ ಬಾಣಲೆ ಆರಿದ ತಿಂಗಳೇ ಹಂಪಿಯಲ್ಲಿ ಒಲೆ ಕಿತ್ತಿತ್ತು. ತೆರವಾದ ಕುಟುಂಬಗಳಿಗೆ ನಿವೇಶನ ತೋರಿಸಿದ್ದು ಹಂಪಿಯಿಂದ ಕೆಲವೇ ಕಿಲೋಮೀಟರ್ ದೂರದ ಇದೇ ಕಡ್ಡಿರಾಂಪುರದಲ್ಲಿ. ಕಂಬಗಳ ಮಂಟಪವನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾತ್ರಿಕರು ನಡೆದಾಡುವ ಬೀದಿಯಲ್ಲಿ ಅಂಗಡಿಯಿಟ್ಟವರಿಗೆ, ವಾಹನಗಳು ಧಾವಿಸಿಹೋಗುವ ರಸ್ತೆಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಳ್ಳುವುದು ಬೇರೆಯೇ ಕಸುಬು. ನಿಲ್ಲಿಸುತ್ತಿದ್ದವರು ಆಟೋದವರು. ಅವರ ಚಕ್ರವನ್ನು ನಮ್ಮ ಪಟ್ಟಿ ತಿರುಗಿಸಿತ್ತು.

ಆಕೆ ಪಟ್ಟಿಯ ಮಾತೆತ್ತಲಿಲ್ಲ. ಅದನ್ನು ಬರೆದವರು ಯಾರೆಂದು ತಿಳಿದಿರಲೂ ಇಲ್ಲ. ಚಹಾದ ಜೊತೆ ಎರಡು ಮಿರ್ಚಿ ತಟ್ಟೆಗೆ ಬಂದವು. ಖಾಲಿ ಹೊಟ್ಟೆಯಲ್ಲಿ ಕಚ್ಚಿದ ನಮಗೆ ಕಿವಿ ಬಿಸಿಯಾಯಿತು. ಖಾರವಿಲ್ಲವೆಂದು ನಾವು ಬರೆದಿದ್ದ ಮೆಣಸಿನಕಾಯಿ ಇದೇ!

ಆ ಸಂಜೆ ಶಿಕ್ಷಕರ ಮನೆಯಲ್ಲಿ ಪಂಚಾಯಿತಿ ನಡೆಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞನ ಕತೆ ಹೇಳಿದರು. 1912ರಲ್ಲಿ ಆತ ಮೆಣಸಿನಕಾಯಿಯ ಖಾರವನ್ನು ಅಳೆಯಲು ಒಂದು ವಿಧಾನ ಕಂಡುಹಿಡಿದ. ಮೆಣಸಿನಕಾಯಿಯ ಸಾರ ತೆಗೆದು, ಸಕ್ಕರೆ ನೀರಿನಲ್ಲಿ ಮತ್ತೆಮತ್ತೆ ತೆಳುವಾಗಿಸಿ, ಐವರು ರುಚಿಗಾರರಿಗೆ ಕೊಡುವುದು. ಬಹುಮತಕ್ಕೆ ಖಾರವೇ ತಿಳಿಯದಂತಾಗಲು ಎಷ್ಟು ಪಾಲು ನೀರು ಬೇಕಾಯಿತೋ ಅದೇ ಆ ಮೆಣಸಿನಕಾಯಿಯ ಅಂಕ. ವಿಧಾನದ ದೋಷವಿದ್ದದ್ದು ನಾಲಗೆಯಲ್ಲಿ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಾಲಗೆಯ ಬಿಸಿಯನ್ನರಿಯುವ ನರಗಳನ್ನೇ ಕೆರಳಿಸುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. ಮತ್ತೆಮತ್ತೆ ಕೆರಳಿಸಿದರೆ ಆ ನರಗಳು ಮಂಕಾಗುತ್ತವೆ. ಆದ್ದರಿಂದ ರುಚಿಗಾರನಿಗೆ ಎರಡು ಮಾದರಿಗಳ ನಡುವೆ ವಿರಾಮ ಬೇಕು. ಈಗ ಆ ಕೆಲಸವನ್ನು ಯಂತ್ರಗಳೇ ಮಾಡುತ್ತವೆ.

"ಇದು ನನಗೆ ಗೊತ್ತಿತ್ತು. ಪಾಠವನ್ನೂ ಮಾಡಿದ್ದೇನೆ" ಎಂದರು ಶಿಕ್ಷಕರು. ಮತ್ತೆ ಮಾತಾಡಲಿಲ್ಲ.

ವ್ಯವಸ್ಥಾಪಕರು ಅಂದೇ ರಾತ್ರಿ ಪಟ್ಟಿಯನ್ನು ಕಿತ್ತರು. ಅದಕ್ಕೆ ತೃಪ್ತರಾಗದ ನಾಲ್ಕನೆಯವರು, ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು, ಲೆಕ್ಕ ತಪ್ಪಿದ್ದರೆ ಮತ್ತೆ ಕೂಡಿಸಬೇಕೆಂದು ಹಟ ಹಿಡಿದರು. ಹಾಗಾಗಿ ಮುಂದಿನ ಭಾನುವಾರ ಅದೇ ಅಂಗಡಿಗಳಿಗೆ ಹಿಂದುಮುಂದಾಗಿ ಹೋದೆವು: ಮೊದಲು ಕಡ್ಡಿರಾಂಪುರ, ಕೊನೆಗೆ ಬಸ್ ನಿಲ್ದಾಣದ ಗಾಡಿ. ಒಂಬತ್ತು ಪಡೆದಿದ್ದ ಗಾಡಿ ಐದಕ್ಕಿಳಿಯಿತು. ಅದರ ಖಾರ ಸಪ್ಪೆಯೆನಿಸಿತು. ಆ ಗಾಡಿಯವನ ಕೈ ಅಷ್ಟರಲ್ಲೇ ಕೆಟ್ಟಿರಲಾರದು. ಕಡ್ಡಿರಾಂಪುರಕ್ಕೆ ಬಿದ್ದ ಅಂಕ ಒಂಬತ್ತು. ಎರಡು ಭಾನುವಾರಗಳ ಅಂಕ ಕೂಡಿಸಿ ಅರ್ಧ ಮಾಡಿದರೆ ಎರಡೂ ಅಂಗಡಿ ಏಳರ ಆಸುಪಾಸಿಗೆ ಬಂದು ನಿಲ್ಲುತ್ತವೆ ಎಂದು ಬ್ಯಾಂಕಿನವರು ಸಮಾಧಾನಪಟ್ಟರು. ನಮಗೆ ಅಷ್ಟು ಸಮಾಧಾನವಾಗಲಿಲ್ಲ. ಪಶ್ಚಾತ್ತಾಪದ ಅಂಕವೂ ಅದರಲ್ಲಿ ಎಷ್ಟಿತ್ತೋ ಬಲ್ಲವರಾರು?

ಆ ಭಾನುವಾರ ಬೆಳಿಗ್ಗೆ ಕಡ್ಡಿರಾಂಪುರದಲ್ಲಿ ನಿಯಮ ಮುರಿದು ಆಕೆಯ ಎದುರಿಗೇ ನೋಟುಪುಸ್ತಕ ತೆರೆದು, ನಡೆದುದನ್ನೆಲ್ಲ ಹೇಳಿದೆವು. ಆಕೆ ಸೌಟನ್ನು ಪಕ್ಕಕ್ಕಿಟ್ಟು, ಹಳೆಯ ನಾಲ್ಕನ್ನು ನೋಡಿದರು. ಕೋಪಿಸಿಕೊಳ್ಳಲಿಲ್ಲ, ನಕ್ಕದ್ದೂ ಇಲ್ಲ. "ನೀವು ಬಂದಿದ್ದು ಮಧ್ಯಾಹ್ನ. ಆ ಹೊತ್ತಿನ ಎಣ್ಣೆ ನಾನೇ ತಿನ್ನಾಕಿಲ್ಲ" ಎಂದರು. ಅನಂತರ ಶಿಕ್ಷಕರು ಅದಾಗಲೇ ಬರೆದಿದ್ದ ಹೊಸ ಅಂಕಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿಸಿಕೊಂಡರು. ಹೊದಿಕೆಗೆ ಮೂರು, ಮೆಣಸಿನಕಾಯಿಗೆ ಮೂರು, ಒಗ್ಗರಣೆಗೆ ಮೂರು, ಶುಚಿತ್ವಕ್ಕೆ ಒಂದು. ಮೂರನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು.

"ಒಗ್ಗರಣೆಗೆ ಮೂರು ಬ್ಯಾಡ್ರಿ. ಇವತ್ತು ಹುಳಿ ಕಮ್ಮಿ ಆಗೇತಿ."

ಶಿಕ್ಷಕರು ಮೂರನ್ನು ಹೊಡೆದು ಎರಡು ಎಂದು ತಿದ್ದಿದರು. ಹತ್ತು ಒಂಬತ್ತಾದದ್ದು ಹೀಗೆ. ಅಷ್ಟರಲ್ಲಿ ಹೊರಗೆ ಆಟೋವೊಂದು ನಿಂತಿತು. ಆಕೆ ನಮ್ಮನ್ನು ಬೆಂಚಿನ ತುದಿಗೆ ಸರಿಯಲು ಹೇಳಿ ಬಾಣಲೆಯ ಕಡೆ ತಿರುಗಿದರು.