ಬೀಗದ ಕೈ ಕೊಟ್ಟರೆ ಗಾಡಿ ಕೊಟ್ಟಂತಾಯಿತೆ?

ಊರಿನಲ್ಲಿರುವ ಸೋದರಮಾವ ಹೊಸ ಮೋಟಾರು ಕೊಂಡಾಗ ಹಳೆಯದನ್ನು ಮುಂಬಯಿಯ ಅಳಿಯನಿಗೆ ಪ್ರೀತಿಯಿಂದ ಕೊಡುವುದುಂಟು. "ತಗೊಂಡು ಹೋಗಪ್ಪಾ, ಹುಡುಗರಿಗೆ ಆದೀತು" ಎಂದು ಬೀಗದ ಕೈಯನ್ನು ಅಂಗೈಯಲ್ಲಿಟ್ಟರೆ, ಅಳಿಯ ಹುಬ್ಬಳ್ಳಿಯಿಂದ ಗಾಡಿ ನಡೆಸಿಕೊಂಡು ಬಂದು ಚಾಳಿನ ಮುಂದೆ ನಿಲ್ಲಿಸುತ್ತಾನೆ. ಕಾಗದಪತ್ರಗಳ ಮಾತೆತ್ತಿದರೆ, "ಮಾವನ ಗಾಡಿ ನಮ್ಮದೇ ಅಲ್ಲವೇ? ರೊಕ್ಕ ಕೊಟ್ಟು ಕೊಂಡದ್ದೇ?" ಎನ್ನುತ್ತಾನೆ. ನಮ್ಮ ವಾಚನಾಲಯದಲ್ಲಿ ಈ ಮಾತನ್ನು ಒಂದೆರಡು ಸಲ ಕೇಳಿದ್ದರಿಂದ ನಾಲ್ಕು ಮಾತು ಬರೆಯಬೇಕೆನಿಸಿತು.

ಅಳಿಯ ಹೇಳುವುದರಲ್ಲಿ ಅರ್ಧ ಸತ್ಯವಿದೆ. ೧೮೮೨ರ ಆಸ್ತಿ ಹಸ್ತಾಂತರ ಕಾಯಿದೆಯ ಪ್ರಕಾರ ಚರಾಸ್ತಿಯನ್ನು ದಾನ ಕೊಡಲು ನೋಂದಾಯಿತ ಪತ್ರ ಬೇಕೇ ಬೇಕೆಂದಿಲ್ಲ. ಕೊಡುವವನು ಮನಸಾರೆ ಒಪ್ಪಿಸಿ, ಪಡೆಯುವವನು ಸ್ವೀಕರಿಸಿದರೆ ಸಾಕು. ಹತ್ತಿರದ ಸಂಬಂಧಿಕರು ಹೀಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯೂ ಇಲ್ಲ. ಆದರೆ ಮೋಟಾರು ಗಾಡಿ ಬೆಳ್ಳಿಯ ಲೋಟವಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ದಫ್ತರದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ. ಹೆಸರು ಬದಲಾಗುವ ತನಕ ಗಾಡಿ ಅಳಿಯನ ಬಾಗಿಲಲ್ಲಿದ್ದರೂ ಹೊಣೆ ಮಾವನ ತಲೆಯ ಮೇಲಿರುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. ೨೦೧೮ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅಲ್ಲಿ ಮೊದಲಿನ ಒಡೆಯ ಗಾಡಿಯನ್ನು ಮಾರಿಬಿಟ್ಟಿದ್ದ. ಅದು ಮುಂದೆ ಕೈಯಿಂದ ಕೈಗೆ ಹೋಗಿತ್ತು. ದಫ್ತರದಲ್ಲಿ ಮಾತ್ರ ಅವನ ಹೆಸರೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ಅವನ ಮೇಲೆಯೇ ಬಿತ್ತು. ನೊಂದವರು ನಿಜವಾದ ಒಡೆಯನನ್ನು ಹುಡುಕಿಕೊಂಡು ಮನೆಯಿಂದ ಮನೆಗೆ ಅಲೆಯಬಾರದೆಂಬುದೇ ಇದರ ಹಿಂದಿನ ನ್ಯಾಯ. ಮಾರಿ ಹಣ ಪಡೆದವನಿಗೇ ಹೀಗಾದರೆ, ಪುಕ್ಕಟೆ ಕೊಟ್ಟ ಮಾವನ ಪಾಡನ್ನು ಯೋಚಿಸಿರಿ.

ವಿಮೆಯ ವಿಷಯವೂ ಹಾಗೆಯೇ. ಗಾಡಿ ಕೈ ಬದಲಾದಾಗ, ದಾರಿಹೋಕರಿಗೆ ಆಗುವ ಹಾನಿಯ ವಿಮೆ ತಾನಾಗಿ ಹೊಸಬನಿಗೆ ಬರುತ್ತದೆ. ಗಾಡಿಗೇ ಆಗುವ ಹಾನಿಯ ವಿಮೆ ಹಾಗೆ ಬರುವುದಿಲ್ಲ. ಆದ್ದರಿಂದ ೧೪ ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಮಾವನಿಗೆ ವಿಮೆಯಲ್ಲಿ ಸಿಗುತ್ತಿದ್ದ ನೋ ಕ್ಲೇಮ್ ರಿಯಾಯಿತಿ ಮಾವನದೇ. ಅದು ಗಾಡಿಯೊಡನೆ ಬರುವುದಿಲ್ಲ.

ಇನ್ನು ಮಾಡಬೇಕಾದ ಕೆಲಸ. ಗಾಡಿ ಮತ್ತು ಪಡೆಯುವವನು ಒಂದೇ ರಾಜ್ಯದಲ್ಲಿದ್ದರೆ ಕೆಲಸ ಹಗುರ. ಕೊಡುವವನು ೧೪ ದಿನಗಳಲ್ಲಿ ೨೯ನೇ ನಮೂನೆಯನ್ನು ಎರಡು ಪ್ರತಿ ತುಂಬಿ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ೩೦ನೇ ನಮೂನೆಗೆ ಇಬ್ಬರೂ ರುಜು ಹಾಕಬೇಕು. ಪಡೆದವನಿಗೆ ೩೦ ದಿನಗಳ ಅವಧಿ.

ಹುಬ್ಬಳ್ಳಿಯ ಗಾಡಿ ಮುಂಬಯಿಗೆ ಬರುವಾಗ ಇನ್ನೆರಡು ಮೆಟ್ಟಿಲುಗಳಿವೆ. ಮೊದಲನೆಯದು, ಊರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ. ಇದಕ್ಕೆ ೨೮ನೇ ನಮೂನೆ. ಬಾಕಿ ದಂಡಗಳನ್ನೆಲ್ಲ ಮೊದಲೇ ತೀರಿಸಿರಬೇಕು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದು ತೀರಿದ್ದರೆ, ಬ್ಯಾಂಕಿನವರು ರುಜು ಮಾಡಿದ ೩೫ನೇ ನಮೂನೆಯಿಂದ ಆ ನಮೂದನ್ನು ತೆಗೆಸಬೇಕು. ಎರಡನೆಯದು, ಇಲ್ಲಿ ೨೭ನೇ ನಮೂನೆಯಿಂದ ಹೊಸ ನಂಬರು ಪಡೆಯುವುದು. ತಾಡದೇವ, ಅಂಧೇರಿ, ವಡಾಳಾ, ಬೋರಿವಲಿ, ಈ ಕಚೇರಿಗಳಲ್ಲಿ ನಿಮ್ಮ ವಾಸದ ಪ್ರದೇಶ ಯಾವುದಕ್ಕೆ ಸೇರುತ್ತದೆಯೋ ಅಲ್ಲಿಗೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪತ್ರ, ವಿಳಾಸದ ಪುರಾವೆ, ಪ್ಯಾನ್ ಕಾರ್ಡು ಜತೆಗಿರಲಿ.

ಬೆಲೆಯಿಲ್ಲದೆ ಕೊಟ್ಟಿದ್ದರಿಂದ ಒಂದು ದಾನಪತ್ರ ಬರೆಸಿಕೊಳ್ಳುವುದು ಮೇಲು. ಅದರಲ್ಲಿ ಇಬ್ಬರ ಹೆಸರು, ಸಂಬಂಧ, ಗಾಡಿಯ ನಂಬರು, ಇಂಜಿನ್ ಮತ್ತು ಚಾಸಿಯ ನಂಬರು, ಕೊಟ್ಟ ತಾರೀಖು ಇರಲಿ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಹೆಸರು ಬದಲಿಸುವ ಶುಲ್ಕ ಹೆಚ್ಚಲ್ಲ, ಭಾರವೆಲ್ಲ ತೆರಿಗೆಯದು. ಮಾವ ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ್ದರೂ ಮಹಾರಾಷ್ಟ್ರದಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಉಳಿದ ವರ್ಷಗಳ ಪಾಲನ್ನು ಕರ್ನಾಟಕದಿಂದ ಹಿಂದಕ್ಕೆ ಕೇಳಬಹುದು; ಆದರೆ ಮೊದಲು ಇಲ್ಲಿ ಕಟ್ಟಿ, ಆ ರಸೀದಿ ತೋರಿಸಿ, ಆಮೇಲೆ ಕಾಯಬೇಕು. ಖಾಸಗಿ ಗಾಡಿಯ ನೋಂದಣಿ ೧೫ ವರ್ಷಗಳಿಗೆ ಮಾತ್ರ. ಅನಂತರ ತಪಾಸಣೆ ಮಾಡಿಸಿ ನವೀಕರಿಸಬೇಕು. ಹದಿಮೂರು ಹದಿನಾಲ್ಕು ವರ್ಷದ ಗಾಡಿಯಾದರೆ ಈ ಲೆಕ್ಕವನ್ನೆಲ್ಲ ಊರಿನಲ್ಲಿಯೇ ಕುಳಿತು ಹಾಕಿರಿ. ಸಂಬಳದ ಮೇಲೆ ಬದುಕುವ ನಮ್ಮಂಥವರಿಗೆ ಕೆಲವೊಮ್ಮೆ "ಬೇಡ ಮಾವ, ಅಲ್ಲಿಯೇ ಮಾರಿಬಿಡು" ಎನ್ನುವುದೇ ಲಾಭ.

"ಆಮೇಲೆ ಮಾಡಿದರಾಯಿತು" ಎಂದು ತಡಮಾಡುವವರಿಗೆ ಇನ್ನೊಂದು ಮಾತು. ಕೊಟ್ಟವರು ತೀರಿಕೊಂಡರೆ ದಾರಿಯೇ ಬೇರೆಯಾಗುತ್ತದೆ. ಆಗ ದಫ್ತರದಲ್ಲಿ ಮಾವನ ಹೆಸರಿರುವುದರಿಂದ ಗಾಡಿ ವಾರಸುದಾರರ ಲೆಕ್ಕಕ್ಕೆ ಬರುತ್ತದೆ; ಅವರು ೩೦ ದಿನಗಳಲ್ಲಿ ಕಚೇರಿಗೆ ತಿಳಿಸಿ, ೩ ತಿಂಗಳೊಳಗೆ ೩೧ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ಮಾವನ ಬಾಯಿಮಾತಿಗೆ ಆಗ ಸಾಕ್ಷಿ ಯಾರು? ಒಂದು ರುಜುವಿನಿಂದ ಮುಗಿಯುತ್ತಿದ್ದ ಕೆಲಸ ಮನೆತನದ ಮನಸ್ತಾಪವಾದೀತು.

ಪ್ರೀತಿಯಿಂದ ಕೊಟ್ಟ ಹಿರಿಯರ ಬಾಗಿಲಿಗೆ ನಮ್ಮ ತಪ್ಪಿನ ದಂಡದ ಚೀಟಿಯಾಗಲಿ ಕೋರ್ಟಿನ ಸಮನ್ಸಾಗಲಿ ಹೋಗಬಾರದು. ಬೀಗದ ಕೈ ತೆಗೆದುಕೊಂಡ ದಿನವೇ ನಮೂನೆಗಳಿಗೂ ಅವರ ರುಜು ತೆಗೆದುಕೊಳ್ಳಿರಿ. ತುಂಬುವುದು ತಿಳಿಯದಿದ್ದರೆ ಕಾಗದಗಳನ್ನು ವಾಚನಾಲಯಕ್ಕೆ ತನ್ನಿರಿ, ಕುಳಿತು ತುಂಬಿಕೊಡೋಣ.